ಥಿನ್ನರ್ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ

ತಮ್ಮಾ, ಮರದ ಪಾಲಿಶ್ ಕೆಲಸಕ್ಕೆ ಸೇರಿದ್ದೀಯ ಎಂದು ನಿಮ್ಮಪ್ಪ ಹೇಳಿದರು. ಒಳ್ಳೆಯದಾಯಿತು. ಬೆಂಗಳೂರಿನಲ್ಲಿ ಏಳುತ್ತಿರುವ ಒಂದೊಂದು ಫ್ಲಾಟಿಗೂ ಬಾಗಿಲು, ವಾರ್ಡ್‌ರೋಬು, ಅಡುಗೆಮನೆಯ ಕಪಾಟು ಬೇಕು; ಕೈ ಪಳಗಿದವನಿಗೆ ಕೆಲಸಕ್ಕೆ ಬರವಿಲ್ಲ. ಸೀಲರ್ ಹೊಡೆದು ಉಜ್ಜುವುದು, ಗನ್ ಹಿಡಿಯುವುದು, ಕೊನೆಯ ಕೋಟಿಗೆ ಹೊಳಪು ತರುವುದು ಇವನ್ನೆಲ್ಲ ನಿನ್ನ ಮೇಸ್ತ್ರಿ ಕಲಿಸುತ್ತಾರೆ. ಥಿನ್ನರ್ ಬಗ್ಗೆ ಮಾತ್ರ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ದಿನವೂ ಕೈಯಲ್ಲಿ ಓಡಾಡುವ ವಸ್ತು, ಅದರಲ್ಲಿ ಹೇಳುವುದೇನಿದೆ ಎಂಬ ಭಾವನೆ. ಅದನ್ನು ನಾನು ಹೇಳುತ್ತೇನೆ, ಕೇಳು.

ಎನ್.ಸಿ. ಥಿನ್ನರ್ ಹಲವು ದ್ರಾವಕಗಳ ಬೆರಕೆ. ಅದರಲ್ಲಿ ಟೊಲ್ಯೂಯಿನ್ ಸಾಮಾನ್ಯವಾಗಿ ದೊಡ್ಡ ಪಾಲು; ಜೊತೆಗೆ ಅಸಿಟೋನ್, ಬ್ಯೂಟೈಲ್ ಅಸಿಟೇಟ್ ಮುಂತಾದವು. ಅಗ್ಗದ ಮಾಲಿನಲ್ಲಿ ಮೆಥನಾಲ್ ಕೂಡ ಇರಬಹುದು. ಕಳ್ಳಭಟ್ಟಿ ಕುಡಿದವರ ಕಣ್ಣು ಕಳೆಯುತ್ತದಲ್ಲ, ಅದೇ ಮೆಥನಾಲ್. ಅದು ಉಸಿರಿನಿಂದಲೂ ಚರ್ಮದಿಂದಲೂ ಮೈಗೆ ಇಳಿಯುತ್ತದೆ. ಕಳಪೆ ಟೊಲ್ಯೂಯಿನ್‌ನಲ್ಲಿ ಬೆಂಜೀನ್ ಬೆರೆತಿರಬಹುದು, ಅದು ರಕ್ತದ ಕ್ಯಾನ್ಸರಿಗೆ ಕಾರಣ. ಹಾಗಾಗಿ ಹೆಸರಿಲ್ಲದ ಕ್ಯಾನಿನಲ್ಲಿ ಅಳೆದು ಕೊಡುವ ಲೂಸ್ ಥಿನ್ನರನ್ನು ಎಷ್ಟೇ ಅಗ್ಗವಾದರೂ ತರಬೇಡ. ಕಂಪನಿಯ ಸೀಲ್ ಇರುವ ಡಬ್ಬಿ ತಂದು, ಅಂಗಡಿಯವರನ್ನು ಅದರ ಸೇಫ್ಟಿ ಡೇಟಾ ಶೀಟ್ ಕೇಳು. ಹದಿನಾರು ಭಾಗಗಳ ಕಾಗದ ಅದು. ನಾಲ್ಕನೆಯ ಭಾಗದಲ್ಲಿ ಪ್ರಥಮ ಚಿಕಿತ್ಸೆ, ಐದನೆಯದರಲ್ಲಿ ಬೆಂಕಿ, ಎಂಟನೆಯದರಲ್ಲಿ ಮಾಸ್ಕ್ ಮತ್ತು ಗ್ಲೌಸಿನ ವಿಚಾರ. ಆ ಮೂರನ್ನು ಓದಿಕೊಂಡರೂ ಸಾಕಷ್ಟಾಯಿತು.

ಈಗ ಮುಖ್ಯ ಮಾತು. ನಿನ್ನ ಮೂಗನ್ನು ನಂಬಬೇಡ. ಡಬ್ಬಿ ತೆಗೆದ ತಕ್ಷಣ ಘಾಟು ಮುಖಕ್ಕೆ ಹೊಡೆಯುತ್ತದೆ, ಸ್ವಲ್ಪ ಹೊತ್ತಿಗೆ ಏನೂ ಅನ್ನಿಸುವುದಿಲ್ಲ. ಆಗ ಎಲ್ಲರೂ ವಾಸನೆ ಹೋಯಿತು ಅನ್ನುತ್ತಾರೆ. ಗಾಳಿಯಲ್ಲಿರುವುದು ಅಷ್ಟೇ ಇರುತ್ತದೆ, ಹೆಚ್ಚಾಗಿಯೂ ಇರಬಹುದು; ಮೂಗು ಒಗ್ಗಿಹೋಗಿರುತ್ತದೆ. ಒಂದು ಸಲ ಹೊರಗೆ ಹೋಗಿ ಮರಳಿ ಬಾ, ಕೋಣೆ ಎಂಥದ್ದೆಂದು ಆಗ ಗೊತ್ತಾಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿಯ ಕೋಣೆಯನ್ನು ನೆನೆಸಿಕೋ. ಒಳಗೆ ಸುಮಾರು 28 ಘನ ಮೀಟರ್ ಗಾಳಿ. ಕಿಟಕಿ ಬಾಗಿಲು ಮುಚ್ಚಿದ್ದರೆ ಎರಡೂವರೆ ಟೀ ಚಮಚ ಟೊಲ್ಯೂಯಿನ್ ಆವಿಯಾದರೂ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು ಅದೇ ಆಗುತ್ತದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಎಂಟು ತಾಸಿನ ಪಾಳಿಗೆ ಹಾಕಿದ್ದ ಮಿತಿ ಅದು. ಈಚಿನ ಕೆಲವು ಶಿಫಾರಸುಗಳು ಇನ್ನೂ ಕೆಳಗಿಳಿದು 20ಕ್ಕೆ ನಿಂತಿವೆ. ಅದೇ ಕೋಣೆಯಲ್ಲಿ ಒಂದು ಚಿಕ್ಕ ಲೋಟ ಕಾಫಿಯಷ್ಟು, ಅಂದರೆ ಸುಮಾರು 60 ಮಿಲಿಲೀಟರ್ ಆರಿಹೋದರೆ 500 ಪಾಲು. ಜೀವಕ್ಕೆ, ಆರೋಗ್ಯಕ್ಕೆ ತಕ್ಷಣದ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುರುತಿಸಿರುವ ಮಟ್ಟ ಇದೇ. ಒಂದೂಕಾಲು, ಒಂದೂವರೆ ಲೀಟರ್ ಆರಿದರೆ ಒಂದು ಕಿಡಿಗೆ ಇಡೀ ಕೋಣೆ ಹೊತ್ತಿಕೊಳ್ಳುವ ಹದಕ್ಕೆ ಬರುತ್ತದೆ. ಒಂದು ವಾರ್ಡ್‌ರೋಬಿಗೆ ನೀನು ಎಷ್ಟು ಲೀಟರ್ ಥಿನ್ನರ್ ಬಳಸುತ್ತೀಯ, ನೀನೇ ಲೆಕ್ಕ ಹಾಕು. ಪಾಲಿಶ್ ಮೇಲೆ ಧೂಳು ಕೂರುತ್ತದೆ, ಕಿಟಕಿ ಮುಚ್ಚು ಎಂದು ಯಾರಾದರೂ ಹೇಳಿದಾಗ ಈ ಲೆಕ್ಕ ಅವರಿಗೂ ಹೇಳು.

ಮೊದಲು ತಲೆ ಭಾರವಾಗುತ್ತದೆ, ಸಣ್ಣಗೆ ಅಮಲು ಬರುತ್ತದೆ, ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಏಣಿಯ ಮೇಲೆ ನಿಂತವನಿಗೆ ಅಷ್ಟೇ ಸಾಕು, ಕೆಳಗೆ ಬೀಳಲು. ಆವಿ ಇನ್ನೂ ಹೆಚ್ಚಾದರೆ ಎಚ್ಚರ ತಪ್ಪುತ್ತದೆ, ಹೃದಯದ ಬಡಿತದ ತಾಳವೇ ಕೆಡಬಹುದು. ವರ್ಷಗಟ್ಟಲೆ ಉಸಿರಾಡಿದವರಲ್ಲಿ ಮರೆವು, ಸಿಡುಕು, ನಿದ್ದೆಗೇಡು ಕಾಣಿಸಿಕೊಳ್ಳುತ್ತವೆ. ವಯಸ್ಸಾಯಿತು, ಕುಡಿತ ಜಾಸ್ತಿಯಾಯಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಥಿನ್ನರ್ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಕಿವಿಯೂ ಮಂದವಾಗುತ್ತದೆ. ಕಂಪ್ರೆಸರ್, ಸ್ಯಾಂಡಿಂಗ್ ಮೆಷಿನ್ನಿನ ಸದ್ದು ಮತ್ತು ಟೊಲ್ಯೂಯಿನ್ ಎರಡೂ ಸೇರಿದರೆ ಒಂದೊಂದರಿಂದ ಆಗುವುದಕ್ಕಿಂತ ಹೆಚ್ಚು ಹಾನಿ. ಸಂಜೆ ಕೆಲಸ ಬಿಟ್ಟು ನೇರ ಬಾರಿಗೆ ಹೋಗುವ ಅಭ್ಯಾಸ ನಿನಗೆ ಬರದಿರಲಿ. ಮದ್ಯ ಮೈ ಸೇರಿದರೆ ಟೊಲ್ಯೂಯಿನ್ ದೇಹದಿಂದ ಹೊರಹೋಗುವುದು ನಿಧಾನವಾಗುತ್ತದೆ.

ಹಾಲು ಕುಡಿದರೆ, ಬೆಲ್ಲ ತಿಂದರೆ ಎಲ್ಲ ತೊಳೆದುಹೋಗುತ್ತದೆ ಎಂದು ಹಿರಿಯ ಕೆಲಸಗಾರರು ಹೇಳುತ್ತಾರೆ. ಕೆಲವು ಕಂಟ್ರಾಕ್ಟರುಗಳು ದಿನಕ್ಕೊಂದು ಲೋಟ ಹಾಲು ಕೊಟ್ಟು ತಮ್ಮ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಲು ಹೋಗುವುದು ಹೊಟ್ಟೆಗೆ, ಆವಿ ಹೋಗುವುದು ಶ್ವಾಸಕೋಶದಿಂದ ನೇರ ರಕ್ತಕ್ಕೆ. ಹಾಲು ಬೇಕಾದರೆ ಕುಡಿ, ಮೈಗೆ ಒಳ್ಳೆಯದು. ಆದರೆ ಅದು ಮಾಸ್ಕಿನ ಬದಲಿಗೆ ಬಂದಾಗ ಒಪ್ಪಿಕೊಳ್ಳಬೇಡ.

ಮಾಸ್ಕ್ ಅಂದೆನಲ್ಲ. ಮುಖಕ್ಕೆ ಕಟ್ಟುವ ಕರ್ಚೀಫು, ಮೆಡಿಕಲ್ ಶಾಪಿನ ಬಿಳಿ ಮಾಸ್ಕು ಧೂಳನ್ನು ಅಷ್ಟಿಷ್ಟು ತಡೆಯಬಹುದು, ಆವಿಯನ್ನು ಸ್ವಲ್ಪವೂ ತಡೆಯುವುದಿಲ್ಲ. ಸಾವಯವ ಆವಿಗೆಂದೇ ಮಾಡಿದ, ಇದ್ದಿಲಿನ ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕ್ ಬೇಕು. ಇದ್ದಿಲು ಕುಡಿದು ತುಂಬಿಹೋದ ಮೇಲೆ ಅದೂ ದಂಡ, ಕಾಲಕಾಲಕ್ಕೆ ಬದಲಿಸಬೇಕು. ಗಡ್ಡದ ಮೇಲೆ ಹಾಕಿದರೆ ಪಕ್ಕದಿಂದ ಸೋರುತ್ತದೆ. ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿ.ಯು. ಕೋಟಿನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಆಸ್ತಮಾ ಹಚ್ಚುತ್ತದೆ. ಒಮ್ಮೆ ಅಂಟಿಕೊಂಡರೆ ಆ ಕೆಲಸವನ್ನೇ ಬಿಡಬೇಕಾಗಬಹುದು. ಅದನ್ನು ದಿನವಿಡೀ ಹೊಡೆಯುವವನಿಗೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮಾಸ್ಕೇ ಸರಿ.

ಮಾಸ್ಕಿಗಿಂತ ಮೊದಲು ಗಾಳಿ. ಕಳಚಲು ಬರುವ ಶಟರುಗಳನ್ನು ಕಳಚಿ ಟೆರೇಸಿಗೋ ತೆರೆದ ಶೆಡ್ಡಿಗೋ ಒಯ್ದು ಅಲ್ಲೇ ಹೊಡೆ. ಒಳಗೇ ಆಗಬೇಕಾದರೆ ಎದುರುಬದುರು ಕಿಟಕಿ ಬಾಗಿಲು ತೆಗೆದು, ಶುದ್ಧ ಗಾಳಿ ಬೆನ್ನ ಕಡೆಯಿಂದ ಬಂದು ಮುಂದಕ್ಕೆ ಹೋಗುವ ಹಾಗೆ ನಿಂತುಕೋ. ಸಾಮಾನ್ಯ ಫ್ಯಾನಿನ ಮೋಟಾರು ಕಿಡಿ ಹಾರಿಸಬಹುದು. ಹಾಗಾಗಿ ಫ್ಯಾನ್ ಇಟ್ಟರೆ ಅದು ಹೊರಗಿನ ಗಾಳಿಯನ್ನು ಒಳಗೆ ತಳ್ಳುವ ಹಾಗಿರಲಿ. ಆವಿಯನ್ನು ತನ್ನ ಮೂಲಕ ಎಳೆಯುವ ಹಾಗಿರಬಾರದು. ಮನೆಯಲ್ಲಿ ಬಸುರಿ ಹೆಂಗಸರು, ಚಿಕ್ಕ ಮಕ್ಕಳು ಇದ್ದರೆ ಆ ದಿನಗಳ ಮಟ್ಟಿಗೆ ಬೇರೆ ಕಡೆ ಇರಿ ಎಂದು ಸಂಕೋಚವಿಲ್ಲದೆ ಹೇಳು.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಟೊಲ್ಯೂಯಿನ್ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮೂರಿನ ಮಾಗಿಯ ಚಳಿಯೂ ಅದನ್ನು ತಡೆಯದು. ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಚೆಲ್ಲಿದ ನೀರಿನ ಹಾಗೆ ನೆಲ ಹಿಡಿದು ಹರಿದು ಪಕ್ಕದ ಕೋಣೆಯ ದೇವರ ದೀಪವನ್ನೋ ಗ್ಯಾಸ್ ಗೀಸರನ್ನೋ ಮುಟ್ಟಿದರೆ, ಅಲ್ಲಿ ಹೊತ್ತಿದ ಜ್ವಾಲೆ ನಿನ್ನ ಡಬ್ಬಿಯ ತನಕ ಹಿಂದಕ್ಕೆ ಓಡಿಬರುತ್ತದೆ. ಕೆಲಸ ಶುರುಮಾಡುವ ಮೊದಲು ಮನೆಯ ದೀಪ, ಒಲೆ, ಬೀಡಿ ಎಲ್ಲ ಆರಿರಲಿ. ಪ್ಲಾಸ್ಟಿಕ್ ಬಕೆಟ್ಟಿಗೆ ಎತ್ತರದಿಂದ ಸುರಿಯಬೇಡ. ಟೊಲ್ಯೂಯಿನ್ ಸುರಿಯುವಾಗಲೇ ಸ್ಥಾಯಿ ವಿದ್ಯುತ್ ಕೂಡುತ್ತದೆ, ಆ ಕಿಡಿಯೇ ಸಾಕು. ಲೋಹದ ಡಬ್ಬಿಯಿಂದ ಲೋಹದ ಪಾತ್ರೆಗೆ, ಎರಡನ್ನೂ ತಂತಿಯಿಂದ ಜೋಡಿಸಿ, ನಿಧಾನಕ್ಕೆ. ಹೊತ್ತಿಕೊಂಡರೆ ನೀರು ಸುರಿಯಬೇಡ. ಥಿನ್ನರ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮರಳು, ಒಣ ಪುಡಿಯ ಸಿಲಿಂಡರ್ ಹತ್ತಿರದಲ್ಲೇ ಇರಲಿ. ಒರೆಸಿದ ಬಟ್ಟೆಯನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕು. ಅಗಸೆ ಎಣ್ಣೆ ಹತ್ತಿದ ಬಟ್ಟೆಯಂತೂ ಕಿಡಿ ಇಲ್ಲದೆಯೇ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ.

1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಇಷ್ಟು ಬೇಗ ಹೊತ್ತಿಕೊಳ್ಳುವ ವರ್ಗದ ವಸ್ತುವನ್ನು ಮಾರಾಟಕ್ಕಲ್ಲದೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು ಒಟ್ಟು 30 ಲೀಟರ್ ಮಾತ್ರ. ಕಟ್ಟಡದ ಮೆಟ್ಟಿಲ ಕೆಳಗೆ ಡ್ರಮ್ಮುಗಟ್ಟಲೆ ಪೇರಿಸಿದ್ದರೆ, ಅದರ ಪಕ್ಕದಲ್ಲಿ ಚಾಪೆ ಹಾಸಿ ಮಲಗಬೇಡ.

ಕುಡಿಯುವ ನೀರಿನ ಬಾಟಲಿಗೆ ಥಿನ್ನರ್ ತುಂಬಿಡಬೇಡ. ಡ್ರಮ್ಮಿನಿಂದ ಪೈಪಿಗೆ ಬಾಯಿ ಕೊಟ್ಟು ಎಳೆಯಬೇಡ. ಯಾರಾದರೂ ನುಂಗಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ತೆಳ್ಳಗಿನ ದ್ರವ ವಾಪಸು ಬರುವಾಗ ಶ್ವಾಸಕೋಶಕ್ಕೆ ಜಾರಿದರೆ ಹೊಟ್ಟೆಯಲ್ಲಿದ್ದದ್ದಕ್ಕಿಂತ ಕೆಟ್ಟದ್ದು. ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಿ. ಕಣ್ಣಿಗೆ ಸಿಡಿದರೆ ಕಾಲು ಗಂಟೆ ನಲ್ಲಿ ನೀರಿನಲ್ಲಿ ತೊಳೆ. ಕೈಗೆ ಅಂಟಿದ ಬಣ್ಣವನ್ನು ಥಿನ್ನರಿನಿಂದ ತೊಳೆಯದೆ ಕೊಬ್ಬರಿ ಎಣ್ಣೆ ತಿಕ್ಕಿ ಸೋಪು ಹಾಕು, ಚರ್ಮ ಬಿರಿಯದೆ ಉಳಿಯುತ್ತದೆ.

ಕೊನೆಗೆ ಸಂಪಿನ ವಿಷಯ. ಸಂಪಿನ ಒಳಗೋಡೆಗೆ ಎಪಾಕ್ಸಿ ಬಳಿದುಕೊಡು ಎಂದು ನಿನ್ನನ್ನು ಕರೆದೇ ಕರೆಯುತ್ತಾರೆ. ಎರಡಡಿ ಬಾಯಿ, ಆಳದ ಗುಂಡಿ, ಕೆಳಗೆ ಕೂರುವ ಆವಿ. ಕಾರ್ಖಾನೆಗಳ ತೊಟ್ಟಿಗೆ ಇಳಿಯುವವನ ಬಗ್ಗೆ 1948ರ ಕಾಯ್ದೆಯ 36ನೇ ಸೆಕ್ಷನ್ ಹೇಳುತ್ತಿದ್ದದ್ದು ಮನೆಯ ಸಂಪಿಗೂ ಸರಿಯಾಗಿಯೇ ಹೊಂದುತ್ತದೆ: ಗಾಳಿ ಪರೀಕ್ಷೆ ಮಾಡಿ ಬಲ್ಲವರು ಬರೆದುಕೊಟ್ಟಿರಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನವಿದ್ದು, ಸೊಂಟದ ಬೆಲ್ಟಿಗೆ ಕಟ್ಟಿದ ಹಗ್ಗದ ತುದಿ ಹೊರಗಿರುವವನ ಕೈಯಲ್ಲಿರಬೇಕು. ಒಳಗೆ ಬಿದ್ದವನನ್ನು ಎತ್ತಲು ಹಿಂದೆಯೇ ಧುಮುಕಿದವರು ಅವನ ಜೊತೆಗೇ ಸಾಯುತ್ತಾರೆ. ಬಿದ್ದವನು ಅಣ್ಣನಾಗಲಿ ಗೆಳೆಯನಾಗಲಿ, ಮೇಲಿನಿಂದಲೇ ಹಗ್ಗ ಎಳೆ, ಗಾಳಿ ಊದು, 112ಕ್ಕೆ ಫೋನ್ ಮಾಡು. ಹಗ್ಗವಿಲ್ಲ, ಮೇಲೆ ನಿಲ್ಲಲು ಆಳಿಲ್ಲ, ಒಂದರ್ಧ ಗಂಟೆಯ ಕೆಲಸ, ಇಳಿದುಬಿಡು ಎಂದು ಯಾರಾದರೂ ಅಂದರೆ, ಆ ದಿನದ ಕೂಲಿ ಬಿಟ್ಟು ಮನೆಗೆ ಬಾ.