ಎದುರಿಗೆ ಕೂತು ಕೇಳಿ, ಮಕ್ಕಳೇ

ಮೈಸೂರಿನ ಹುಡುಗ ಹುಡುಗಿಯರೇ, ನಿಮಗೆ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡ ಮಾತೊಂದಿದೆ. ಈಗಿನವರಿಗೆ ಸಂಗೀತವೇ ಬೇಡ ಎಂದು ದೂರುವವರ ಪೈಕಿ ನಾನಲ್ಲ. ನಿಮ್ಮ ವಯಸ್ಸಿನಲ್ಲಿ ನಾವು ಕೇಳಿದ್ದಕ್ಕಿಂತ ಹೆಚ್ಚು ಹಾಡುಗಳನ್ನು ನೀವು ಕೇಳುತ್ತೀರಿ. ಬಸ್ಸಿನಲ್ಲಿ, ಓದುವಾಗ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುವಾಗ ನಿಮ್ಮ ಕಿವಿಯಲ್ಲಿ ಯಾವುದೋ ಒಂದು ಹಾಡು ಇದ್ದೇ ಇರುತ್ತದೆ. ಕೊರಿಯಾದ ಪಾಪ್, ಆಫ್ರಿಕಾದ ಡ್ರಮ್ಮು, ಪಾಕಿಸ್ತಾನದ ಕವ್ವಾಲಿ ಎಲ್ಲವನ್ನೂ ಬಲ್ಲಿರಿ. ನನ್ನ ಕಳವಳ ಬೇರೆ. ನೀವು ಹಾಡು ಕೇಳುತ್ತೀರಿ, ಆದರೆ ಹಾಡುವವರ ಎದುರಿಗೆ ಕೂತು ಕೇಳುವುದನ್ನು ಬಿಡುತ್ತಿದ್ದೀರಿ. ನಮ್ಮೂರಿನ ಯಾವ ಸಭೆಗೆ ಹೋದರೂ ಹೆಚ್ಚಿನವು ನರೆತ ತಲೆಗಳೇ. ನಾವು ಎದ್ದು ಹೋದ ಮೇಲೆ ಆ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ?

ಹಳೆಯ ಮೈಸೂರು ಸಂಗೀತದ ಊರು ಎನ್ನಿಸಿಕೊಂಡದ್ದು ಅರಮನೆ ಇತ್ತೆಂದು ಮಾತ್ರವಲ್ಲ. ದುಡ್ಡು ಕೊಟ್ಟು ವಿದ್ವಾಂಸರನ್ನು ಕರೆಸುವ ರಾಜರು ಬೇರೆ ಕಡೆಯೂ ಇದ್ದರು. ಇಲ್ಲಿ ಕೇಳುವವರಿದ್ದರು. ವೀಣೆ ಶೇಷಣ್ಣನವರ ಬಗ್ಗೆ ಹಿರಿಯರು ಹೇಳುತ್ತಿದ್ದ ಒಂದು ಮಾತನ್ನು ನೀವೂ ಕೇಳಿರಬಹುದು. ಬರೋಡೆಯ ಮಹಾರಾಜರು ಅವರ ವಾದನಕ್ಕೆ ಮನಸೋತು ಪಲ್ಲಕ್ಕಿಯಲ್ಲಿ ಕೂರಿಸಿ ಗೌರವಿಸಿದರಂತೆ. ಊರಿಗೆ ಮರಳಿದಾಗ ಮೈಸೂರಿನ ದೊರೆಗಳು, ಆ ವೈಭವವನ್ನು ನಾವೂ ನೋಡಬೇಕು ಎಂದರಂತೆ. ಶೇಷಣ್ಣನವರು ಪಲ್ಲಕ್ಕಿಯೊಳಗೆ ವೀಣೆಯನ್ನಿಟ್ಟು ತಾವು ಪಕ್ಕದಲ್ಲಿ ನಡೆದು ಬಂದರಂತೆ. ಗೌರವ ತನ್ನದಲ್ಲ, ವಾದ್ಯದ್ದು ಎಂದು ತಿಳಿದ ಕಲಾವಿದ, ಅದನ್ನು ಅರ್ಥ ಮಾಡಿಕೊಂಡ ಊರು. ಇಬ್ಬರೂ ಇದ್ದರು.

ಹಿಂದಿನದೆಲ್ಲ ಚಿನ್ನ ಎಂದು ನಿಮಗೆ ನಾನು ಹೇಳುವುದಿಲ್ಲ. ದರ್ಬಾರಿನ ಕಛೇರಿಗೆ ಕಂಡಕಂಡವರಿಗೆಲ್ಲ ಪ್ರವೇಶವಿರಲಿಲ್ಲ. ಜಾತಿ ನೋಡಿ ಪಾಠ ಹೇಳುವವರಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ವೇದಿಕೆ ಹತ್ತಿದರೆ ಮೂಗು ಮುರಿಯುವವರಿದ್ದರು. ಇಂದು ದಸರಾ ದಿನಗಳಲ್ಲಿ ಅದೇ ಅರಮನೆಯ ಮುಂದೆ ದೊಡ್ಡ ದೊಡ್ಡ ಕಲಾವಿದರು ಹಾಡುತ್ತಾರೆ, ಯಾರು ಬೇಕಾದರೂ ಹೋಗಿ ಕೂರಬಹುದು. ನಿಮ್ಮ ಮುತ್ತಜ್ಜನಿಗೆ ಮುಚ್ಚಿದ್ದ ಬಾಗಿಲು ನಿಮಗೆ ಪೂರ್ತಿ ತೆರೆದಿದೆ. ಹೀಗಿರುವಾಗ ದೀಪಾಲಂಕಾರದ ಮುಂದೆ ಒಂದು ಸೆಲ್ಫಿ ತೆಗೆದುಕೊಂಡು, ಒಂದು ಹಾಡನ್ನೂ ಪೂರ್ತಿ ಕೇಳದೆ ಹೊರಟುಬಿಡುತ್ತೀರಲ್ಲ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ರೆಕಾರ್ಡಿನಲ್ಲೇ ಎಲ್ಲ ಸಿಗುತ್ತದಲ್ಲ, ಎದುರಿಗೆ ಕೂತು ಕೇಳುವುದರಲ್ಲಿ ಏನಿದೆ ವಿಶೇಷ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಮ್ಮೆ ವೀಣೆಯ ಹತ್ತಿರ ಹೋಗಿ ಕೂತುಕೊಳ್ಳಿ. ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಬಲಗೈ ತಂತಿ ಮೀಟುವುದು ಒಂದೇ ಸಲ. ಆಮೇಲಿನ ಕೆಲಸವೆಲ್ಲ ಎಡಗೈಯದು. ಎರಡು ಬೆರಳು ತಂತಿಯನ್ನು ಪಕ್ಕಕ್ಕೆ ಎಳೆಯುತ್ತವೆ, ಸಡಿಲ ಬಿಡುತ್ತವೆ, ಮತ್ತೆ ಎಳೆಯುತ್ತವೆ. ನಾದ ಕರಗುತ್ತಾ ಹೋಗುತ್ತಿರುವಾಗಲೇ ಅದರೊಳಗಿಂದ ಇನ್ನೊಂದು ಸ್ವರ, ಮತ್ತೊಂದು ಸ್ವರ ಏಳುತ್ತವೆ. ಆ ಕೊನೆಯ ಎಳೆ ಫೋನಿನ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ. ಕೇಳುವುದು ಮೀಟಿದ ಸದ್ದು ಮಾತ್ರ. ಮೈಸೂರು ಬಾನಿ ಎಂದು ಹೆಸರಾದದ್ದರ ಜೀವ ಇರುವುದು ಆ ಎಳೆಯಲ್ಲಿ. ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ ಅದು ಬಂದದ್ದು ಬರೆದಿಟ್ಟ ಪುಸ್ತಕದಿಂದಲ್ಲ, ಮುಂದೆ ಕೂತು ಕೇಳಿದ್ದರಿಂದ.

ತಿರುಮಕೂಡಲಿನ ಚೌಡಯ್ಯನವರ ಏಳು ತಂತಿಯ ಪಿಟೀಲಿನ ಕಥೆಯೂ ಇಂಥದ್ದೇ. ಮೈಕು ಇಲ್ಲದ ಕಾಲ. ದೊಡ್ಡ ಸಭೆಯಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ, ನಾದಕ್ಕೆ ಬಲ ಕೊಟ್ಟು, ಆ ವಾದ್ಯವನ್ನು ಪಳಗಿಸಲು ಅವರು ಪಟ್ಟ ಶ್ರಮ ಸಣ್ಣದಲ್ಲ. ಅಷ್ಟೆಲ್ಲ ಯಾರಿಗಾಗಿ? ಕಟ್ಟಕಡೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತವನಿಗಾಗಿ. ಅವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಅರಮನೆಯ ಹೊರಗೂ ಸಂಗೀತಕ್ಕೊಂದು ನೆಲೆ ಆಯಿತು. ಕೇಳುವವನಿಗಾಗಿ ಕಲಾವಿದರು ಇಷ್ಟು ಮಾಡಿದ್ದಾರೆ. ಈಗ ಕೇಳುವವನೇ ಬರದಿದ್ದರೆ ಹೇಗೆ?

ಮೂವತ್ತು ಸೆಕೆಂಡಿನ ರೀಲ್ಸ್‌ನಲ್ಲಿ ಹಾಡಿನ ಸಾರ ಸಿಕ್ಕಿತು ಎಂದುಕೊಳ್ಳುವವರು ಗೌಹರ್ ಜಾನ್ ಹೆಸರನ್ನು ತಿಳಿದುಕೊಳ್ಳಬೇಕು. 1902ರಲ್ಲಿ ಕಲ್ಕತ್ತೆಗೆ ಗ್ರಾಮಫೋನಿನವರು ಬಂದಾಗ ಹಾಡಿ, ದೇಶದ ಮನೆಮಾತಾದ ಗಾಯಕಿ ಅವರು. ಆ ತಟ್ಟೆಯ ಮೇಲೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಖಯಾಲು, ಠುಮ್ರಿಗಳನ್ನು ಅಷ್ಟರಲ್ಲಿ ಕುದುರಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಹೇಳಿಬಿಡುತ್ತಿದ್ದರು. ರಾತ್ರಿಯಿಡೀ ಹಾಡಿ ಪಳಗಿದ ಗಂಟಲಿಗೆ ಮಾತ್ರ ಆ ಮೂರು ನಿಮಿಷ ಒಲಿಯಿತು. ಆ ಗೌಹರ್ ಜಾನ್ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದು ಇದೇ ಊರಿಗೆ ಬಂದರು. 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಅವರು ಓಡಾಡಿದ ಊರಿನಲ್ಲಿ ಓಡಾಡುವ ನಿಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ತಪ್ಪು ನಿಮ್ಮೊಬ್ಬರದೇ ಅಲ್ಲ, ನಿಮಗೆ ಹೇಳಬೇಕಾದವರು ಹೇಳಲಿಲ್ಲ. ಕೇಳುವವರು ಚದುರಿಹೋದರೆ ಎಂಥ ದೊಡ್ಡ ಕಲಾವಿದರನ್ನೂ ಊರು ಮರೆತುಬಿಡುತ್ತದೆ. ಇನ್ನಾದರೂ ಹಾಗಾಗಲು ಬಿಡಬೇಡಿ.

ಪರದೇಶದ ಸಂಗೀತ ಕೇಳಬೇಡಿ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮೈಸೂರಿನಲ್ಲಿ ಹುಟ್ಟಿ ಹಾಗೆ ಹೇಳಲು ಸಾಧ್ಯವೇ ಇಲ್ಲ. ಇಲ್ಲಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಜರ್ಮನಿಯ ಆಟೋ ಸ್ಮಿತ್ ಇಲ್ಲಿ ಬ್ಯಾಂಡ್ ನಡೆಸಿದರು. ಇಂದಿಗೂ ದಸರಾದಲ್ಲಿ ಪೊಲೀಸ್ ಬ್ಯಾಂಡಿನವರು ಅರಮನೆಯ ಮುಂದೆ ನಿಂತು ನುಡಿಸುವುದನ್ನು ಕೇಳಿ, ಆ ಪರಂಪರೆಯ ಎಳೆ ನಿಮಗೆ ಸಿಗುತ್ತದೆ. ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತಗಾರ ಮುಪ್ಪಿನಲ್ಲಿ, ಕಾಯಿಲೆಯಲ್ಲಿ, ಲಂಡನ್ನಿನಲ್ಲಿ ಹೆಚ್ಚುಕಡಿಮೆ ಮರೆತುಹೋಗಿದ್ದಾಗ, ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟದ್ದು ಮೈಸೂರಿನ ಈ ಮಹಾರಾಜರು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚರ್ಟೊವನ್ನು ಅವರಿಗೆ ಅರ್ಪಿಸಿದರು. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗಲೂ ಅದರ ಹಿಂದೆ ಮೈಸೂರಿನ ನೆರವಿತ್ತು.

ಅದೇ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಇದನ್ನು ಗಮನವಿಟ್ಟು ನೋಡಿ. ಪಿಯಾನೊ ಕೇಳಿದ ಕಿವಿಗೆ ಕೃತಿ ಬೇಡವಾಗಲಿಲ್ಲ, ಕೃತಿ ಬಲ್ಲ ಮನಸ್ಸಿಗೆ ಪಿಯಾನೊ ಹೊರಗಿನದಾಗಲಿಲ್ಲ. ಎರಡನ್ನೂ ಅವರು ಕೂತು ಕಲಿತರು, ಆಳವಾಗಿ ಕೇಳಿದರು. ಜಗತ್ತಿನ ಎಲ್ಲ ಸಂಗೀತದ ಮೇಲ್ಪದರವನ್ನು ಸವರಿಕೊಂಡು ಹೋಗುವುದು ಬೇರೆ, ಒಂದರಲ್ಲಿ ಇಳಿದು ಇನ್ನೊಂದಕ್ಕೆ ಕಿವಿ ತೆರೆಯುವುದು ಬೇರೆ. ನೀವು ಎರಡನೆಯ ದಾರಿ ಹಿಡಿಯಬೇಕೆಂಬುದು ನನ್ನ ಆಸೆ.

ಹಾಗೆ ಮಾಡಿದವರು ನಿಮ್ಮ ಕಾಲದಲ್ಲೂ ಇದ್ದಾರೆ. ರಘು ದೀಕ್ಷಿತ್ ಬೆಳೆದದ್ದು, ಸೂಕ್ಷ್ಮಜೀವಶಾಸ್ತ್ರ ಓದಿದ್ದು ಈ ಊರಿನಲ್ಲೇ. ಭರತನಾಟ್ಯ ಕಲಿತ ಹುಡುಗ ಗಿಟಾರು ಹಿಡಿದರು, ಶಿಶುನಾಳ ಶರೀಫರ ಪದಗಳನ್ನು ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಕನ್ನಡದ ಪದ ಕೇಳಿಸಿತು. ಅವರ ಸಂಗೀತ ನಿಮಗೆ ಹಿಡಿಸಲಿ ಬಿಡಲಿ, ಒಂದು ವಿಷಯ ತಿಳಿಯಿರಿ. ಹೊರಗಿನವರು ಕಿವಿಗೊಟ್ಟದ್ದು ಅವರ ಗಿಟಾರಿಗೆ ಮಾತ್ರವಲ್ಲ, ಅದರ ಜೊತೆ ಅವರು ಒಯ್ದ ನಮ್ಮ ನೆಲದ ಪದಗಳಿಗೂ.

ಆ ಪದ ಎಲ್ಲೋ ದೂರದಲ್ಲಿಲ್ಲ. ಮಲೆ ಮಾದಪ್ಪನ ಹೆಸರಿನಲ್ಲಿ ಕಂಸಾಳೆ ಹಿಡಿದವರು, ತಂಬೂರಿ ಹಿಡಿದು ಮಂಟೇಸ್ವಾಮಿಯ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರು ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲೇ ಇದ್ದಾರೆ. ವಿದೇಶದ ವೇದಿಕೆಯಲ್ಲಿ ‘ವರ್ಲ್ಡ್ ಮ್ಯೂಸಿಕ್’ ಎಂಬ ಹೆಸರು ಹೊತ್ತು ಬಂದರೆ ಟಿಕೆಟ್ ತೆಗೆದುಕೊಂಡು ನೋಡುತ್ತೀರಿ. ಜಂಬೂಸವಾರಿಯಲ್ಲಿ ಅದೇ ಕಂಸಾಳೆ ನಿಮ್ಮ ಮುಂದೆ ಕುಣಿದು ಹೋಗುವಾಗ ಆನೆ ಎಷ್ಟೊತ್ತಿಗೆ ಬರುತ್ತದೆ ಎಂದು ಕತ್ತು ಉದ್ದ ಮಾಡುತ್ತೀರಿ. ಮೆರವಣಿಗೆಯಲ್ಲಿ ಕುಣಿಯುವವರೂ ಗುರುವಿನ ಹತ್ತಿರ ವರ್ಷಗಟ್ಟಲೆ ಕಲಿತವರು ಎಂಬುದನ್ನು ಮರೆಯಬೇಡಿ.

ಇಷ್ಟು ಹೇಳಿದ ಮೇಲೆ ಏನು ಮಾಡಬೇಕು ಎಂದೂ ಹೇಳಬೇಕಲ್ಲ. ತಿಂಗಳಿಗೆ ಒಂದು ಸಂಜೆ ಸಂಗೀತಕ್ಕೆಂದು ಎತ್ತಿಡಿ. ಗಣೇಶನ ಹಬ್ಬದಲ್ಲಿ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಪೆಂಡಾಲಿಗೆ ಹೋಗಿ. ಹೆಸರಾಂತ ವಿದ್ವಾಂಸರು ರಸ್ತೆಯಲ್ಲೇ ಹಾಕಿದ ಪೆಂಡಾಲಿನಲ್ಲಿ ಹಾಡುತ್ತಾರೆ, ಮುಂದೆ ಎಲ್ಲ ಬಗೆಯ ಜನ ಕೂತು ಕೇಳುತ್ತಾರೆ. ಕುವೆಂಪುನಗರದ ವೀಣೆ ಶೇಷಣ್ಣ ಭವನಕ್ಕೆ ಹೋಗಿ. ಬಹುರೂಪಿ ನಾಟಕೋತ್ಸವ ನಡೆಯುವಾಗ ರಂಗಾಯಣದ ಅಂಗಳಕ್ಕೆ ಹೋಗಿ ಜಾನಪದದವರನ್ನು ಕೇಳಿ. ಹೊರದೇಶದ ವಾದ್ಯದವರು ಊರಿಗೆ ಬಂದರೆ ಅಲ್ಲಿಗೂ ತಪ್ಪದೆ ಹೋಗಿ.

ಹೋದ ಮೇಲೆ ಫೋನನ್ನು ಜೇಬಿನಲ್ಲಿಡಿ. ಹಾಡುವವರ ಮುಖಕ್ಕೂ ನಿಮ್ಮ ಕಣ್ಣಿಗೂ ನಡುವೆ ಪರದೆ ಬೇಡ. ರೆಕಾರ್ಡ್ ಮಾಡಿಕೊಂಡದ್ದನ್ನು ಆಮೇಲೆ ಕೇಳುತ್ತೇವೆ ಎನ್ನುತ್ತೀರಿ, ಆ ಆಮೇಲೆ ಬರುವುದು ಅಪರೂಪ. ಮೊದಮೊದಲು ಬೇಸರ ಬರುತ್ತದೆ, ಬರಲಿ. ರಾಗ ಯಾವುದೆಂದು ತಿಳಿಯಲಿಲ್ಲವೆಂದು ನಾಚಬೇಡಿ. ತಾಳ ಹಾಕುತ್ತಿರುವ ಪಕ್ಕದ ಹಿರಿಯರ ಕೈ ನೋಡಿ, ಬಿಡುವಿನಲ್ಲಿ ಅವರನ್ನೇ ಕೇಳಿ. ಸಂತೋಷದಿಂದ ಹೇಳುತ್ತಾರೆ. ಗೊತ್ತಿಲ್ಲದವರನ್ನು ಗದರಿಸುವ ಹಿರಿಯರು ಸಿಕ್ಕರೆ ಬೇರೆ ಕುರ್ಚಿಗೆ ಹೋಗಿ, ಸಭೆಯನ್ನು ಬಿಟ್ಟು ಹೋಗಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ತಾಳವಾದ್ಯದವರ ಸರದಿಯಾದ ತನಿ ಆವರ್ತನ ಶುರುವಾದ ಕೂಡಲೇ ಎದ್ದು ಹೋಗುವ ಅಭ್ಯಾಸ ನಮ್ಮ ಸಭೆಗಳಿಗೆ ಅಂಟಿದ ರೋಗ. ಅಂಟಿಸಿದವರು ನಮ್ಮ ತಲೆಮಾರಿನವರೇ. ಎರಡು ಗಂಟೆ ಹಾಡುವವರ ನೆರಳಾಗಿ ನಡೆದ ಮೃದಂಗದವನಿಗೆ ಕೊನೆಗೂ ತನ್ನ ಮಾತು ಹೇಳಲು ಸಮಯ ಸಿಗುತ್ತದೆ. ಮೃದಂಗದ ಪ್ರಶ್ನೆಗೆ ಘಟ ಉತ್ತರ ಕೊಡುತ್ತದೆ, ಲೆಕ್ಕ ಚಿಕ್ಕದಾಗುತ್ತಾ ಬರುತ್ತದೆ, ಇಬ್ಬರೂ ಒಟ್ಟಿಗೆ ಸೇರಿ ತೀರ್ಮಾನ ನುಡಿಸಿ ಹಾಡು ಎತ್ತಿಕೊಳ್ಳುವ ಜಾಗವಾದ ಎಡುಪಿಗೆ ಸರಿಯಾಗಿ ಬಂದು ಇಳಿಯುತ್ತಾರೆ. ಆಗ ಅವರ ಕಣ್ಣಿಗೆ ಕಾಣುವುದು ಬಾಗಿಲ ಕಡೆ ನಡೆಯುವವರ ಬೆನ್ನು. ಈ ಅಭ್ಯಾಸವನ್ನು ನಮ್ಮಿಂದ ಕಲಿಯಬೇಡಿ. ಮಂಗಳ ಹಾಡುವವರೆಗೆ ಕೂರಿ, ಆಮೇಲೆ ಪಕ್ಕವಾದ್ಯದವರ ಹತ್ತಿರವೂ ಹೋಗಿ ಚೆನ್ನಾಗಿತ್ತು ಎಂದು ಹೇಳಿ. ಒಂದು ಮಾತು ಅವರನ್ನು ಎಷ್ಟೋ ದಿನ ನಡೆಸುತ್ತದೆ.

ಸಾಧ್ಯವಾದರೆ ಒಂದು ವಾದ್ಯವನ್ನೋ ಹಾಡನ್ನೋ ಕಲಿಯಿರಿ. ವಿದ್ವಾಂಸರಾಗಬೇಕಾಗಿಲ್ಲ. ಒಂದು ವರ್ಷ ಸರಳೆ ವರಸೆ ನುಡಿಸಿದವನು ಕೇಳುವ ರೀತಿಯೇ ಬೇರೆ. ಮೈಸೂರು ವಾಸುದೇವಾಚಾರ್ಯರನ್ನು ಮಹಾರಾಜರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿಯಲೆಂದು ತಿರುವಯ್ಯಾರಿಗೆ ಕಳುಹಿಸಿದರು. ಮನೆ ಬಿಟ್ಟು, ಗುರುಸೇವೆ ಮಾಡಿ ಕಲಿತು ಬಂದ ಅವರು ಮುಂದೆ ‘ನಾ ಕಂಡ ಕಲಾವಿದರು’ ಎಂದು ಪುಸ್ತಕ ಬರೆದರು. ಸಿಕ್ಕರೆ ಓದಿ. ಅಷ್ಟು ದೊಡ್ಡ ವಾಗ್ಗೇಯಕಾರರು ಉಳಿದವರ ಸಂಗೀತವನ್ನು ಎಷ್ಟು ಅಕ್ಕರೆಯಿಂದ ಕೇಳಿದ್ದರು ಎಂಬುದು ಅದರಲ್ಲಿ ತಿಳಿಯುತ್ತದೆ. ಅವರಷ್ಟು ದೂರ ನೀವು ಹೋಗಬೇಕಾಗಿಲ್ಲ, ಕಲಿಸುವವರು ನಿಮ್ಮ ಬಡಾವಣೆಯಲ್ಲೇ ಇದ್ದಾರೆ.

ಕಾಲ ಮಿಂಚಿಲ್ಲ. ಕಲಾವಿದರು ಇದ್ದಾರೆ, ಸಭಾಂಗಣಗಳಿವೆ, ಬಾಗಿಲು ತೆರೆದಿದೆ. ರಾಜರ ಆಶ್ರಯ ಹೋಗಿ ಎಷ್ಟೋ ಕಾಲವಾಯಿತು. ಈಗ ಆಶ್ರಯ ಕೊಡಬೇಕಾದವರು ನೀವು, ಅದಕ್ಕೆ ಖಜಾನೆ ಬೇಡ, ಎರಡು ಗಂಟೆ ಸಾಕು. ಈ ತಿಂಗಳೇ ಒಂದು ಕಛೇರಿ ಗೊತ್ತು ಮಾಡಿಕೊಳ್ಳಿ, ಜೊತೆಗೆ ಈವರೆಗೂ ಬಾರದ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ.