ದುಂಡು ತುದಿಯ ದಪ್ಪ ಅಕ್ಷರ: ರೂಪ ಮತ್ತು ಉಪಯೋಗ

ಅಕ್ಷರಗಳನ್ನು ನಾವು ನಿತ್ಯವೂ ಓದುತ್ತೇವೆ. ಅವುಗಳ ಆಕಾರವನ್ನು ನೋಡುವುದು ಮಾತ್ರ ಅಪರೂಪ. ಓದುವಾಗ ಕಣ್ಣು ಅರ್ಥದತ್ತ ಧಾವಿಸುವುದೇ ಇದಕ್ಕೆ ಕಾರಣ. ಆದರೆ ಫಲಕವೊಂದು ದೂರದಿಂದ ತಿಳಿಯುವುದೂ ತಿಳಿಯದಿರುವುದೂ ಆಕಾರವನ್ನೇ ಅವಲಂಬಿಸಿದೆ. ರೋಮನ್ ಲಿಪಿಯ ಒಂದು ಅಕ್ಷರಶೈಲಿಯ ಮೂಲಕ ಇದನ್ನು ಪರಿಶೀಲಿಸೋಣ.

ರೋಮನ್ ಲಿಪಿಯ ಪುಸ್ತಕಗಳಲ್ಲಿ ಅಕ್ಷರಗಳ ಗೆರೆಯ ತುದಿಗೆ ಸಾಮಾನ್ಯವಾಗಿ ಸಣ್ಣದೊಂದು ಚಾಚು ಇರುತ್ತದೆ. ಅದಕ್ಕೆ ಸೆರಿಫ್ ಎಂದು ಹೆಸರು. ಈ ಚಾಚನ್ನು ತೆಗೆದು, ಗೆರೆಯನ್ನು ದಪ್ಪಗೊಳಿಸಿ, ತುದಿಯನ್ನು ದುಂಡಾಗಿಸಿದರೆ ನಮ್ಮ ಪ್ರಸ್ತುತ ಶೈಲಿ ದೊರೆಯುತ್ತದೆ. 1979ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಗಾಗಿ ಲಂಡನ್ನಿನ ಸೆಡ್ಲಿ ಪ್ಲೇಸ್ ಸಂಸ್ಥೆಯವರು ರಚಿಸಿದ ವಿ.ಎ.ಜಿ. ರುಂಡ್‌ಶ್ರಿಫ್ಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಫೋಕ್ಸ್‌ವ್ಯಾಗನ್ ಮತ್ತು ಔಡಿ ಕಾರುಗಳ ಮಾರಾಟ ಮಳಿಗೆಗಳಿಗೆ ಒಂದೇ ರೂಪ ನೀಡುವುದು ಅದರ ಉದ್ದೇಶವಾಗಿತ್ತು.

ತುದಿಯನ್ನು ದುಂಡಾಗಿಸುವುದು ಕೇವಲ ಅಲಂಕಾರವಲ್ಲ. ಫಲಕದ ಮೇಲೆ ಚೂಪು ಮೂಲೆ ಸ್ವಲ್ಪ ಮುಕ್ಕಾದರೂ ದೋಷ ಎದ್ದು ಕಾಣುತ್ತದೆ; ದುಂಡು ತುದಿಯಲ್ಲಿ ಅಂಥ ಕೊರತೆ ಅಷ್ಟಾಗಿ ತೋರದು. ಆದರೆ ದುಂಡು ತುದಿ ಕಣ್ಣಿಗೆ ಕುಳ್ಳಾಗಿ ಕಾಣುವುದರಿಂದ, ಗೆರೆಯನ್ನು ಅಳತೆಗಿಂತ ಕೂದಲೆಳೆಯಷ್ಟು ಮುಂದಕ್ಕೆ ಎಳೆಯಬೇಕಾಗುತ್ತದೆ. ಇಲ್ಲಿ ಅಳತೆಗೋಲಿಗಿಂತ ಕಣ್ಣೇ ಪ್ರಮಾಣ.

ನಿಜವಾದ ಕಷ್ಟವಿರುವುದು ದಪ್ಪದಲ್ಲಿ. ಗೆರೆ ಉಬ್ಬಿದಷ್ಟೂ ಅಕ್ಷರದೊಳಗಿನ ಬಯಲು ಕುಗ್ಗುತ್ತದೆ. ಬಾಯಿ ಮುಚ್ಚಿಕೊಂಡ 3 ದೂರಕ್ಕೆ 8ರಂತೆ ಕಾಣುತ್ತದೆ. ಆದ್ದರಿಂದ ನುರಿತ ರಚನಕಾರನು ಕಪ್ಪು ಗೆರೆಯನ್ನು ಮಾತ್ರವಲ್ಲ, ಅದರ ನಡುವಣ ಬಿಳಿಯ ಬಯಲನ್ನೂ ರೂಪಿಸುತ್ತಾನೆ.

ಅಂಗಡಿಯ ಫಲಕ, ಆಟಿಕೆಯ ಪೆಟ್ಟಿಗೆ, ಯಂತ್ರದ ಗುಂಡಿ ಮುಂತಾದೆಡೆ, ಎಂದರೆ ಒಂದೆರಡು ಪದಗಳಿರುವಲ್ಲಿ, ದಪ್ಪ ದುಂಡಕ್ಷರ ಶೋಭಿಸುತ್ತದೆ. ವಿ.ಎ.ಜಿ. ಶೈಲಿಯ ಅಕ್ಷರಗಳು ಆಪಲ್ ಕಂಪನಿಯ ಕೀಲಿಮಣೆಗಳ ಮೇಲೂ ಅನೇಕ ವರ್ಷ ಇದ್ದವು. ದೀರ್ಘ ಬರವಣಿಗೆಗೆ ಮಾತ್ರ ಇದು ಸಲ್ಲದು: ಪುಟವೆಲ್ಲ ಕಪ್ಪಾಗಿ ಕಣ್ಣು ದಣಿಯುತ್ತದೆ, ಸಣ್ಣ ಅಳತೆಯಲ್ಲಿ ತುದಿಯ ದುಂಡು ಅಳಿದುಹೋಗುತ್ತದೆ. ಗಾಂಭೀರ್ಯ ಬೇಡುವ ಸ್ಮಾರಕಲೇಖಕ್ಕೂ ಇದರ ಆಟದ ಚೆಲುವು ಒಪ್ಪುವುದಿಲ್ಲ.

ನಮ್ಮ ಕನ್ನಡ ಲಿಪಿಯಾದರೋ ಸಹಜವಾಗಿಯೇ ದುಂಡಗಿನದು. ಆದರೆ ದಪ್ಪದ ಅಪಾಯ ನಮಗೆ ಇನ್ನೂ ಹೆಚ್ಚು. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಅಡಿಯ ಒಂದು ಸಣ್ಣ ಸೀಳು ಮಾತ್ರ. ದಪ್ಪ ಕುಂಚ ಅದನ್ನು ನುಂಗಿದರೆ ‘ಧನ’ವು ‘ದನ’ವಾದೀತು! ಪಕಾರ ಫಕಾರಗಳಿಗೂ ಇದೇ ಗತಿ.

ವಿದ್ಯಾರ್ಥಿಗಳು ಈ ಎರಡು ಪದಗಳನ್ನು ದಪ್ಪ ಕುಂಚದಿಂದ ಬರೆದು, ಗೋಡೆಗೆ ಅಂಟಿಸಿ, ಇಪ್ಪತ್ತು ಹೆಜ್ಜೆ ದೂರದಿಂದ ಗೆಳೆಯನೊಬ್ಬನಿಂದ ಓದಿಸಲಿ. ಅವನು ತಡವರಿಸಿದರೆ ದೋಷ ಓದಿದವನದಲ್ಲ, ಬರೆದವನದು. ಓದುವವನ ಕಣ್ಣಿನಿಂದ ತನ್ನ ಬರಹವನ್ನು ನೋಡಬಲ್ಲವನೇ ಅಕ್ಷರವನ್ನು ಬಲ್ಲವನು.