ಎಳೆಯರ ಕೈಗೆಟಕುವ ಪೌಷ್ಟಿಕ ತಿಂಡಿ



ವೈದ್ಯಕೀಯ ನೆರವು ನಿಧಿಗೆ ನೀವು ಕೊಡುವ ಹಣ ಕಾಯಿಲೆ ಬಂದ ಮೇಲೆ ಉಪಯೋಗವಾಗುತ್ತದೆ. ಕಾಯಿಲೆಗೆ ಮೊದಲೇ ಮನೆಯಲ್ಲಿ ಮಾಡಬಹುದಾದ ಉಳಿತಾಯವೊಂದಿದೆ. ಅದು ಒಂದರಿಂದ ಮೂರು ವರ್ಷದ ಮಕ್ಕಳ ತಿಂಡಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇರುವವರು ಮಹಾರಾಷ್ಟ್ರದಲ್ಲಿ ಶೇ. 68.9, ಕರ್ನಾಟಕದಲ್ಲಿ ಶೇ. 65.5. ಅಲ್ಲಿಂದ ಇಲ್ಲಿಗೆ ಬಂದು ನೆಲೆಸಿದ ನಮಗೆ ಎರಡೂ ಅಂಕಿಗಳು ನಮ್ಮವೇ.

ಎಳೆಯ ಮಗುವಿನ ಹೊಟ್ಟೆ ಚಿಕ್ಕದು. ಮೂರು ಹೊತ್ತಿನ ಊಟದ ನಡುವೆ ಒಂದೆರಡು ಬಾರಿ ತಿಂಡಿ ಬೇಕೇ ಬೇಕು. ಶಹಾಡ್‌ನಲ್ಲಿ ಬೆಳಗಿನ ಲೋಕಲ್ ಹಿಡಿದ ತಂದೆತಾಯಿ ಮರಳುವಾಗ ಕತ್ತಲಾಗಿರುತ್ತದೆ. ಹಗಲೆಲ್ಲ ಮಗು ಅಜ್ಜಿಯ ಬಳಿ. ಹಠ ಹಿಡಿದಾಗ ಅಜ್ಜಿಯ ಕೈಗೆ ಮೊದಲು ಸಿಗುವುದು ಬಿಸ್ಕತ್ತಿನ ಪೊಟ್ಟಣ. ಒಳ್ಳೆಯ ತಿಂಡಿಯೂ ಅಷ್ಟೇ ಸುಲಭವಾಗಿ ಸಿಗುವಂತಿದ್ದರೆ ಅವರು ಅದನ್ನೇ ಕೊಡುತ್ತಾರೆ. ಆದ್ದರಿಂದ ಭಾನುವಾರವೇ ಸಿದ್ಧತೆ ಮಾಡಿಡಿ.

1. ರಾಗಿ: ಇಲ್ಲಿನ ಅಂಗಡಿಯಲ್ಲಿ ನಾಚಣಿ ಎಂದು ಕೇಳಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಿಟ್ಟನ್ನು ಘಮ್ಮೆನ್ನುವಂತೆ ಹುರಿದು, ಹುರಿಗಡಲೆ ಪುಡಿ ಬೆರೆಸಿ ಡಬ್ಬಿಯಲ್ಲಿಡಿ. ಬೇಕೆಂದಾಗ ಹಾಲಿನಲ್ಲಿ ಕುದಿಸಿದರೆ ಗಂಜಿ ಸಿದ್ಧ.

2. ಹೆಸರುಕಾಳು: ಮೊಳಕೆ ಬರಿಸಿ, ಬೇಯಿಸಿ, ಹಿಸುಕಿ, ನಿಂಬೆರಸ ಹಿಂಡಿ. ನಿಂಬೆ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಚಹಾ ಅದನ್ನು ತಡೆಯುತ್ತದೆ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಕೊಡುವ ರೂಢಿ ಬೇಡ.

3. ಕೈಯಲ್ಲಿ ಹಿಡಿದು ತಿನ್ನುವಂಥವು: ಬಾಳೆಹಣ್ಣು, ಬೇಯಿಸಿದ ಗೆಣಸು, ಇಡ್ಲಿಯ ತುಂಡು, ಬೇಯಿಸಿದ ಮೊಟ್ಟೆ. ಪುಟ್ಟ ಡಬ್ಬಿಯಲ್ಲಿ ಹಾಕಿ, ಮಗುವಿಗೆ ಎಟಕುವ ಕೆಳಗಿನ ಗೂಡಿನಲ್ಲಿಡಿ. ಬಿಸ್ಕತ್ತು ಮೇಲಿನ ಗೂಡಿಗೆ ಹೋಗಲಿ.

ಎಚ್ಚರಿಕೆ: ಇಡೀ ಶೇಂಗಾ, ಇಡೀ ದ್ರಾಕ್ಷಿ, ಚಿಕ್ಕಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಮಗು ಕುಳಿತು ತಿನ್ನಲಿ, ದೊಡ್ಡವರು ಎದುರಿಗಿರಲಿ.

ರಕ್ತಹೀನತೆ ತಿಂಡಿಯೊಂದರಿಂದಲೇ ವಾಸಿಯಾಗದು, ವೈದ್ಯರಿಗೆ ತೋರಿಸಿ. ಸರ್ಕಾರದ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆರಡು ಬಾರಿ 1 ಮಿಲಿ ಕಬ್ಬಿಣಾಂಶದ ಸಿರಪ್ ಉಚಿತ. 2013ರ ಆಹಾರ ಭದ್ರತಾ ಕಾಯ್ದೆಯಂತೆ 6 ವರ್ಷದವರೆಗೆ ಅಂಗನವಾಡಿಯ ಪೂರಕ ಆಹಾರ ಮಗುವಿನ ಹಕ್ಕು. ನೆರೆಮನೆಯ ಮಗುವಿನ ಹೆಸರು ಅಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ.

ಬ್ಯಾಂಕಿನ ಆರ್‌ಡಿ ಖಾತೆಯಲ್ಲಿ ಕಂತು ಸಣ್ಣದು, ಆದರೆ ತಪ್ಪಬಾರದು. ಮಗುವಿನ ತಿಂಡಿಯೂ ಹಾಗೆಯೇ. ನಿಧಿಗೆ ಕೊಡುವ ದೇಣಿಗೆಯ ಜೊತೆಗೆ, ಕಷ್ಟದಲ್ಲಿರುವ ಒಂದು ಕುಟುಂಬಕ್ಕೆ ತಿಂಗಳಿಗೆ ಎರಡು ಕಿಲೋ ರಾಗಿ, ಒಂದು ಕಿಲೋ ಹೆಸರುಕಾಳು ತಲುಪಿಸಲು ಪ್ರತಿಯೊಬ್ಬ ಸದಸ್ಯರೂ ಮುಂದೆ ಬರಬೇಕೆಂದು ವಿನಂತಿ.